ಮುದ್ರೆ ಒಡೆಯದ ಬಾಟಲಿ

"ಗಾಡಿ ನಿಲ್ಲಿಸು, ಓಬಳೇಶ."

ಸಿರುಗುಪ್ಪ ಬಿಟ್ಟು ಕುರುಗೋಡಿನ ದಾರಿ ಹಿಡಿದು ತುಸು ಹೊತ್ತಾಗಿತ್ತು. ಎರಡೂ ಕಡೆ ಭತ್ತದ ಗದ್ದೆ. ಜೀಪು ಒಂದು ಬೇವಿನ ಮರದ ನೆರಳಿಗೆ ಸರಿದು ನಿಂತಿತು. ಓಬಳೇಶ ಎಂಜಿನ್ ಆರಿಸಿದ. ಪಕ್ಕದಲ್ಲಿ ಕೂತ ಅಂತರ್ಜಲ ವಿಜ್ಞಾನಿ ಡಾಕ್ಟರ್ ದುರ್ಗಾದೇವಿಯವರ ಕಡೆ ಮಾತ್ರ ತಿರುಗಲಿಲ್ಲ.

"ಇನ್ನೊಂದು ಸಲ ಹೇಳು. ಆವತ್ತು ನಾನು ಬಾವಿಯಿಂದ ಆ ಕಡೆ ಹೋದಮ್ಯಾಲ ನೀರಿನ ಪೆಟ್ಟಿಗಿ ಎಲ್ಲಿತ್ತು?"

"ಹೇಳೀನಲ್ರಿ ಮೇಡಂ. ನನ್ನ ಕಾಲಬುಡಕ ಇತ್ತು."

"ಬಿಟ್ಟು ಕದಲಿಲ್ಲ?"

"ಇಲ್ರಿ. ಖರೇ ಮಾತು ಎಷ್ಟು ಸಲ ಕೇಳಿದ್ರೂ ಹಂಗ ಇರ್ತೈತಲ್ರಿ."

ಅವನ ಹೆಬ್ಬೆರಳು ಸ್ಟೀರಿಂಗಿನ ಮೇಲೆ ಒಂದೇ ಜಾಗವನ್ನು ಉಜ್ಜುತ್ತಿತ್ತು. ಸುಳ್ಳು ಹೇಳಿ ರೂಢಿಯಿಲ್ಲದವರ ಕೈ ಹಾಗೆ ಏನನ್ನಾದರೂ ಹುಡುಕುತ್ತಿರುತ್ತದೆ. ದುರ್ಗಾದೇವಿ ಅದನ್ನು ನೋಡಿದರೂ ನೋಡದವರಂತೆ ಗದ್ದೆಯ ಕಡೆ ಮುಖ ತಿರುಗಿಸಿದರು.

ಅವರ ಕೈಯಲ್ಲಿ ಉಳಿದಿದ್ದದ್ದು ನಾಳೆ ಬೆಳಿಗ್ಗೆಯವರೆಗಿನ ಸಮಯ ಮಾತ್ರ. ಕುರುಗೋಡಿನ ಹೊರಗಿನ ಜೀನ್ಸ್ ತೊಳೆಯುವ ಘಟಕವೊಂದು ತನ್ನ ಬಣ್ಣದ ಕೊಳೆನೀರನ್ನು ಬತ್ತಿದ ಕೊಳವೆಬಾವಿಗೆ ಇಳಿಸುತ್ತಿದೆ ಎಂದು ಅವರು ಅದಕ್ಕೆ ಬೀಗ ಹಾಕಿಸಿದ್ದರು. ಆದರೆ ಪಕ್ಕದ ಓಣಿಯ ಬಾವಿಯಿಂದ ಅವರೇ ತುಂಬಿ ತಂದ ನೀರಿಗೆ 'ಕುಡಿಯಲು ಯೋಗ್ಯ' ಎಂಬ ವರದಿ ಬಂದಿತ್ತು. ನಾಳೆ ಬಳ್ಳಾರಿಯಲ್ಲಿ ವಿಚಾರಣೆ. ಆ ವರದಿ ಸುಳ್ಳೆಂದು ತೋರಿಸಲಾಗದಿದ್ದರೆ ಬೀಗ ತೆಗೆಯುತ್ತಾರೆ, ಸಂಜೆಯೊಳಗೆ ಕೊಳೆ ಮತ್ತೆ ನೆಲಕ್ಕೆ ಇಳಿಯುತ್ತದೆ.

ಬಾವಿಯ ನೀರನ್ನು ಮತ್ತೊಮ್ಮೆ ತರೋಣವೆಂದರೆ ಆ ದಾರಿಯೂ ಮುಚ್ಚಿತ್ತು. ಘಟಕದವರು ತಮ್ಮ ಖರ್ಚಿನಲ್ಲೇ ಬಾವಿಯನ್ನು ಬರಿದು ಮಾಡಿಸಿ, ಹೂಳೆತ್ತಿಸಿ, ಟ್ಯಾಂಕರಿನಿಂದ ಒಳ್ಳೆಯ ನೀರು ತುಂಬಿಸಿದ್ದರು. ಊರಿಗೆ ಉಪಕಾರ ಮಾಡಿದ್ದೇವೆಂದು ಫೋಟೊ ಹಿಡಿಸಿಕೊಂಡಿದ್ದರು.

ಮೊದಲು ತುಂಬಿದ ಆ ಬಾಟಲಿಯೊಂದೇ ಸಾಕ್ಷಿ. ಅದನ್ನು ಮುಟ್ಟಿದವರು ಮೂವರು. ತುಂಬಿದ ದುರ್ಗಾದೇವಿ, ಕಾದ ಓಬಳೇಶ, ಪರೀಕ್ಷಿಸಿದ ಸಮ್ರಾಟ್.

ಸಮ್ರಾಟ್ ಕೆಲಸಕ್ಕೆ ಸೇರಿದ ದಿನ ಬಾಟಲಿ ಹಿಡಿಯುವುದನ್ನು ಕಲಿಸಿದವರು ಅವರೇ. ಈಗ ಅವನು ಪ್ರಯೋಗಾಲಯದ ಮುಖ್ಯಸ್ಥ. ಇವತ್ತಿಗೂ ಫೋನು ಎತ್ತಿದರೆ ಅವನ ಮೊದಲ ಮಾತು, "ಊಟ ಆಯ್ತೇನ್ರಿ ಮೇಡಂ?" ಅವನ ಬಗ್ಗೆ ಯೋಚಿಸಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

ಹಾಗಾಗಿ ಬೆಳಿಗ್ಗೆಯಿಂದ ಆ ದಿನದ ದಾರಿಯನ್ನೇ ಮತ್ತೆ ತುಳಿಯುತ್ತಿದ್ದರು. ಕೆಂಚನಗುಡ್ಡದ ಬಳಿ ಹೊಳೆಯ ದಂಡೆಗೆ ಹೋಗಿ ಬಂದಿದ್ದಾಯಿತು. ಆ ದಿನ ಅಲ್ಲಿಯ ನೀರನ್ನೂ ಒಂದು ಬಾಟಲಿಗೆ ತುಂಬಿದ್ದರು. ಎರಡು ಬಾಟಲಿಗಳು ಅದಲುಬದಲಾಗಿರಬಹುದೇ ಎಂದು ನೋಡಿದರೆ ವರದಿ ಹೊಳೆಯ ನೀರಿಗೂ ಹೊಂದುತ್ತಿರಲಿಲ್ಲ.

"ನಿನ್ನ ಹೆಂಡ್ತಿ ತಮ್ಮ ಅಂಜಿನಿ ಏನು ಕೆಲಸ ಮಾಡ್ತಾನ?" ದುರ್ಗಾದೇವಿ ಮೆಲ್ಲಗೆ ಕೇಳಿದರು.

ಹೆಬ್ಬೆರಳು ನಿಂತಿತು.

"ಅದೇ ಘಟಕದಾಗ ಪ್ಯಾಂಟ್ ಒಣಗಿಸೋ ಕೆಲಸ," ಎಂದು ಅವರೇ ಹೇಳಿದರು. "ನನಗ ನಿನ್ನೆ ಗೊತ್ತಾತು. ನೀನು ಯಾಕ ಹೇಳಲಿಲ್ಲ?"

"ಅವ ಅಲ್ಲಿ ಅದಾನಂತ ನಾನು ಕಳ್ಳ ಆಗ್ತೀನೇನ್ರಿ?" ಓಬಳೇಶ ಈಗ ಅವರ ಕಡೆ ತಿರುಗಿದ. "ಇಷ್ಟು ವರ್ಷ ನಿಮ್ಮ ಗಾಡಿ ಓಡಿಸೀನಿ. ರೂಪನಗುಡಿ ಹಳ್ಳದಾಗ ಗಾಡಿ ಸಿಕ್ಕಾಗ ನಿಮ್ಮನ್ನ ಹೆಗಲಮ್ಯಾಲ ದಾಟಿಸೀನಿ."

"ಅದಕ್ಕ ಕೇಳಾಕ ಹತ್ತೀನಿ. ಬ್ಯಾರೆಯವರು ಆಗಿದ್ರ ಪೊಲೀಸ್ರು ಕೇಳ್ತಿದ್ರು."

ದೂರದಲ್ಲಿ ಯಾರೋ ಗದ್ದೆಯಿಂದ ಕೊಕ್ಕರೆಗಳನ್ನು ಓಡಿಸುತ್ತಿದ್ದರು.

"ಪೆಟ್ಟಿಗಿ ಕಾಲಬುಡಕ ಇತ್ತು ಅಂದದ್ದು ಸುಳ್ಳಲ್ರಿ," ಎಂದ ಕೊನೆಗೆ. "ಮಲಗಿದಾಗ ಕಾಲಬುಡಕ ಇತ್ತು."

"ಎಲ್ಲಿ ಮಲಗಿದ್ದಿ?"

"ಬಾವಿ ಬಾಜೂಕ ಇಮಾಂಬೀ ಅಮ್ಮನ ಮನಿ ಪಡಸಾಲ್ಯಾಗ. ಬಿಸಲಾಗ ಐಸ್ ಕರಗತೈತಿ, ಒಳಗ ತಂದಿಡು ತಮ್ಮಾ ಅಂದ್ರು. ಇಟ್ನಿ. ಎರಡು ರೊಟ್ಟಿ ತಿನ್ನು ಅಂದ್ರು. ತಿಂದ್ನಿ. ಪುಂಡಿಪಲ್ಲೆ ಭಾಳ ಚಲೋ ಇತ್ರಿ. ಫ್ಯಾನ್ ಗಾಳಿ ಬ್ಯಾರೆ. ಕಣ್ಣು ಹತ್ತಿಬಿಡ್ತು. ನೀವು ಬಂದು ಹಾರ್ನ್ ಹೊಡದಾಗ ಎಚ್ಚರಾತು."

"ಇದನ್ನ ಮೊದಲ ಹೇಳಿದ್ರ ಏನಾಗ್ತಿತ್ತು?"

"ನನ್ನ ನೌಕರಿ ಹೋಗ್ತಿತ್ತು. ನಿಮಗೂ ಕೆಟ್ಟ ಹೆಸರು ಬರ್ತಿತ್ತು. ಡ್ರೈವರ್ ಮಲಗಿದ್ದ, ಮೇಡಂ ನೋಡ್ಲಿಲ್ಲ ಅಂತಿದ್ರು."

ದುರ್ಗಾದೇವಿ ಕಣ್ಣು ಮುಚ್ಚಿಕೊಂಡರು. ಬಾಟಲಿಯನ್ನು ತಾವೇ ತುಂಬಿ, ಚೀಟಿ ಅಂಟಿಸಿ, ಪೆಟ್ಟಿಗೆಯ ಐಸಿನಲ್ಲಿ ಇಟ್ಟಿದ್ದರು. ಆಮೇಲೆ ಘಟಕದ ಬೇಲಿಯವರೆಗೆ ನಡೆದು ಹೋಗಿದ್ದರು. ಮುಚ್ಚಳದ ಸುತ್ತ ಪಟ್ಟಿ ಬಿಗಿದು, ಅದರ ಮೇಲೆ ಸಹಿ ಹಾಕಿ ಮುದ್ರೆ ಮಾಡಿದ್ದು ಜೀಪು ಹೊರಡುವ ಮುಂಚೆ. ಯಾರಾದರೂ ಕೈಯಾಡಿಸಿದ್ದರೆ ಆ ನಡುವಿನ ಹೊತ್ತಿನಲ್ಲೇ.

"ಅಂಜಿನಿ ಆ ಕಡೆ ಬಂದಿದ್ನ?"

"ನಿದ್ದಿಯೊಳಗ ಯಾರು ಬಂದ್ರು ಅಂತ ಹೆಂಗ ಹೇಳಲ್ರಿ?" ಎಂದ ಓಬಳೇಶ. ಆಮೇಲೆ ತಲೆ ತಗ್ಗಿಸಿ, "ನಾನು ತಪ್ಪು ಮಾಡೀನಿ. ಆದ್ರ ನೀರು ಮಾರಿಕೊಂಡಿಲ್ಲ," ಎಂದ.

"ನಡಿ," ಎಂದರು ದುರ್ಗಾದೇವಿ. "ಇಮಾಂಬೀ ಮನಿಗೆ."

*

ಕುರುಗೋಡಿನ ಬಂಡೆಗುಡ್ಡ ಬಿಸಿಲಿಗೆ ಕಾದು ನಿಂತಿತ್ತು. ಓಣಿಯ ತುದಿಯ ಬಾವಿಗೆ ಹೊಸದಾಗಿ ಸುಣ್ಣ ಬಳಿದಿದ್ದರು. ರಾಟೆಗೆ ಸುತ್ತಿದ ಚೆಂಡುಹೂವಿನ ಮಾಲೆ ಒಣಗಿ ಜೋತುಬಿದ್ದಿತ್ತು. ದುರ್ಗಾದೇವಿ ಒಳಗೆ ಇಣುಕಿದರು. ತಿಳಿನೀರು. ತಮ್ಮ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಕೊಳಗಲ್ಲು ಊರಿನ ಬಾವಿಗಳಿಗೆ ಅಳತೆಪಟ್ಟಿ ಇಳಿಬಿಟ್ಟಾಗ ಗಂಡಸರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. 'ಬಾವಿ ನೋಡೋ ಅಮ್ಮ' ಎಂಬ ಹೆಸರು ಆಗಲೇ ಬಿದ್ದದ್ದು. ಆಮೇಲೆ ಬಾವಿ ತೋಡುವ ಮೊದಲು ಅವರನ್ನು ಹುಡುಕಿಕೊಂಡು ಬಂದವರೂ ಅದೇ ಗಂಡಸರು. ನೆಲದೊಳಗಿನ ನೀರು ಯಾರ ಹೊಲದ ಗಡಿಯನ್ನೂ ಕೇಳುವುದಿಲ್ಲ, ಒಬ್ಬರು ಕೆಡಿಸಿದರೆ ಎಲ್ಲರಿಗೂ ಕೆಡುತ್ತದೆ ಎಂದು ಹೇಳುತ್ತಲೇ ಅವರ ಕೂದಲು ಬೆಳ್ಳಗಾಗಿತ್ತು. ಈ ತಿಂಗಳ ಕೊನೆಗೆ ನಿವೃತ್ತಿ.

ಇಮಾಂಬೀ ಹೊಸ್ತಿಲಲ್ಲಿ ಕೂತು ಜೀನ್ಸ್ ಪ್ಯಾಂಟುಗಳ ಹೊಲಿಗೆಯಿಂದ ಚಾಚಿದ ದಾರಗಳನ್ನು ಸಣ್ಣ ಕತ್ತರಿಯಿಂದ ತೆಗೆಯುತ್ತಿದ್ದಳು. ಬಳ್ಳಾರಿಯಿಂದ ಗಂಟುಗಟ್ಟಿ ಬರುವ ಕೆಲಸ. ಅವಳ ಬೆರಳ ತುದಿಗಳು ನೀಲಿಯಾಗಿದ್ದವು.

"ಬರ್ರಿ ಮೇಡಮ್ಮ, ಬರ್ರಿ. ಬಾ ತಮ್ಮಾ. ಮುಖ ಯಾಕ ಹಂಗ ಬಾಡೈತಿ?"

"ಮುನ್ನಿ ಹೆಂಗದಾಳ ಅಕ್ಕಾ?" ಚಾಪೆಯ ಮೇಲೆ ಕೂರುತ್ತ ದುರ್ಗಾದೇವಿ ಕೇಳಿದರು.

"ಇನ್ನೂ ಬಳ್ಳಾರಿ ದವಾಖಾನ್ಯಾಗ ಅದಾಳ. ಅವರಜ್ಜ ಖಾದರಸಾಬ ಜೊತಿಗದಾನ. ಇವತ್ತು ಎರಡು ತುತ್ತು ಗಂಜಿ ಕುಡದಾಳಂತ." ಇಮಾಂಬೀ ಕತ್ತರಿ ಕೆಳಗಿಟ್ಟಳು. "ಮೊಮ್ಮಗಳು ಆಟ ಆಡಿ ಬಂದು ಬಾವಿ ನೀರು ಕುಡದ್ಳು. ನಾವು ದೊಡ್ಡೋರು ವಾಸನಿ ನೋಡಿ ಬಿಟ್ವಿ. ಕೂಸಿಗೇನು ಗೊತ್ತು? ನಾಳೆ ಬೀಗ ತೆಗೀತಾರಂತಲ್ಲ, ಹೌದೇನು?"

"ತೆಗೀಬಾರದು ಅಂತನ ಬಂದೀನಿ. ಅಕ್ಕಾ, ನಾನು ನೀರು ತುಂಬಿಸಿಕೊಂಡು ಹೋದೆನಲ್ಲ, ಆವತ್ತು ಈ ತಮ್ಮ ಇಲ್ಲಿ ಮಲಗಿದ್ದಾಗ ಮನಿಗೆ ಯಾರರ ಬಂದಿದ್ರ?"

"ಯಾರೂ ಬಂದಿಲ್ಲ."

"ಘಟಕದ ಕೆಲಸದವರು? ಬೀಡಿಗೆ ಬೆಂಕಿ ಕೇಳಾಕ, ನೀರು ಕೇಳಾಕ?"

"ಇಲ್ಲಂದ್ನಲ್ಲ. ನಾನು ಇಲ್ಲೇ ದಾರ ಕತ್ತರಿಸಿಕೋತ ಕೂತಿದ್ನಿ. ಬೆಕ್ಕು ಬಂದ್ರೂ ನನ್ನ ದಾಟಿ ಬರಬೇಕು. ಇವನ ಗೊರಕಿ ಕೇಳಿ ಅದೂ ಬರಲಿಲ್ಲ."

ಓಬಳೇಶ ನೆಲ ನೋಡಿದ.

ಯಾರೂ ಬಂದಿಲ್ಲವೆಂದರೆ ಉಳಿಯುವವನು ಓಬಳೇಶ. ಇಲ್ಲವೇ ಇನ್ನೊಬ್ಬ. ಆ ಇನ್ನೊಬ್ಬನ ಹೆಸರನ್ನು ದುರ್ಗಾದೇವಿ ಮನಸ್ಸಿನಲ್ಲೂ ಹೇಳಲಿಲ್ಲ.

ಅಷ್ಟರಲ್ಲಿ ಇಮಾಂಬೀ ಎದ್ದು ಜೀಪಿನ ಹತ್ತಿರ ಹೋದಳು. ಸೀಟಿನ ಪಕ್ಕ ಓಬಳೇಶನ ನೀರಿನ ಬಾಟಲಿ ಇತ್ತು. ಅದನ್ನು ಕೈಗೆತ್ತಿಕೊಂಡು ಕೆನ್ನೆಗೆ ಒತ್ತಿ ನೋಡಿದಳು. ಬಿಸಿಯಾಗಿತ್ತೇನೋ. ಮುಚ್ಚಳ ತೆಗೆದು, ಇದ್ದ ನೀರನ್ನು ಬಾಗಿಲ ಬಳಿಯ ನಿಂಬೆಗಿಡದ ಬುಡಕ್ಕೆ ಸುರಿದಳು. ಒಳಗೆ ಹೋಗಿ ಗಡಿಗೆಯಿಂದ ತಣ್ಣೀರು ತುಂಬಿ, ಒದ್ದೆ ಬಟ್ಟೆ ಸುತ್ತಿ, ಇದ್ದಲ್ಲೇ ತಂದಿಟ್ಟಳು. ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಯಾರಿಗೂ ಹೇಳಲೂ ಇಲ್ಲ.

ದುರ್ಗಾದೇವಿ ಆ ಒದ್ದೆ ಬಟ್ಟೆಯನ್ನೇ ನೋಡುತ್ತ ಕೂತುಬಿಟ್ಟರು.

"ಅಕ್ಕಾ," ಎಂದರು. "ಆವತ್ತು ನಮ್ಮ ಪೆಟ್ಟಿಗ್ಯಾಗ ಎರಡು ಬಿಳಿ ಬಾಟ್ಲಿ ಇದ್ವು."

"ಹ್ಞೂಂ, ಇದ್ವು. ಐಸ್‌ನ್ಯಾಗ."

"ಅವನ್ನ ಏನರ ಮಾಡಿದ್ರೇನು?"

"ಏನು ಮಾಡ್ಲಿ? ಒಂದ್ರಾಗ ಚಲೋ ನೀರಿತ್ತು, ಹಂಗ ಬಿಟ್ನಿ. ಇನ್ನೊಂದು ಮುಚ್ಚಳ ತೆಗದ್ರ ಗಬ್ಬಂತ ಬಾವಿ ವಾಸನಿ." ಇಮಾಂಬೀ ಸಹಜವಾಗಿಯೇ ಹೇಳುತ್ತಿದ್ದಳು. "ಮನಿಗೆ ಬಂದೋರಿಗೆ ಆ ಕಹಿ ನೀರು ಕಟ್ಟಿ ಕಳಿಸೋದಾ? ದಾರ್‍ಯಾಗ ಕುಡದು ನಿಮಗೂ ಮುನ್ನಿ ಗತಿ ಆದ್ರ? ಬಚ್ಚಲಕ್ಕ ಚೆಲ್ಲಿ, ತೊಳದು, ಚಲೋ ನೀರು ತುಂಬಿಟ್ನಿ."

"ಬಾಟ್ಲಿ ಮ್ಯಾಲ ಚೀಟಿ ಇತ್ತಲ್ಲ ಅಕ್ಕಾ?"

"ನಿಮ್ಮ ಹೆಸರು ಬರದೀರಿ ಅನ್ಕೊಂಡ್ನಿ. ಒಬ್ಬರ ಬಾಟ್ಲಿ ಒಬ್ಬರು ಕಚ್ಚಿ ಕುಡೀಬಾರದು ಅಂತ. ಸಾಲಿ ಹುಡುಗ್ರಿಗೆ ಬರೀತಾರಲ್ಲ, ಹಂಗ."

ಓಬಳೇಶ ತಲೆಯ ಮೇಲೆ ಕೈ ಹೊತ್ತು ಗೋಡೆಗೆ ಒರಗಿದ.

ಬಾಟಲಿಗಳು ಬಿಳಿ ಪ್ಲಾಸ್ಟಿಕ್ಕಿನವು. ಒಳಗಿನ ನೀರಿನ ಬಣ್ಣ ಹೊರಗೆ ಕಾಣುತ್ತಿರಲಿಲ್ಲ. ಆ ದಿನ ಹಿಂತಿರುಗಿ ಬಂದು ಮುದ್ರೆ ಹಾಕಿದಾಗ ತಮ್ಮ ಕೈಯಲ್ಲಿದ್ದದ್ದು ಬಾವಿಯ ನೀರಾಗಿರಲಿಲ್ಲ. ಲಂಚವಿಲ್ಲ, ಬೆದರಿಕೆಯಿಲ್ಲ, ಕಳ್ಳನೂ ಇಲ್ಲ. ಅತಿಥಿಗೆ ಕೆಟ್ಟ ನೀರು ಕೊಟ್ಟು ಕಳಿಸಬಾರದೆಂದು ಒಬ್ಬ ಹೆಂಗಸು ಅಂದುಕೊಂಡಿದ್ದಳು, ಅಷ್ಟೇ. ಹಾಗಾದರೆ ವರದಿ ಸರಿಯಾಗಿಯೇ ಇದೆ. ನಾಳೆ ಹೇಳಲು ಏನೂ ಉಳಿದಿಲ್ಲ.

ಇಮಾಂಬೀ ಇಬ್ಬರ ಮುಖವನ್ನೂ ನೋಡಿದಳು. ಅವಳ ಕಣ್ಣು ಚುರುಕಾಗಿತ್ತು.

"ನಾನೇನರ ತಪ್ಪು ಮಾಡಿದ್ನೇನು?"

"ಇಲ್ಲ ಅಕ್ಕಾ."

"ಸುಳ್ಳು ಹೇಳಬ್ಯಾಡ್ರಿ ಮೇಡಮ್ಮ. ಆ ನೀರು ಕುಡಿಯಾಕ ಒಯ್ದಿರಲಿಲ್ಲ ನೀವು."

ಇಮಾಂಬೀ ನಿಧಾನವಾಗಿ ಹೊಸ್ತಿಲ ಮೇಲೆ ಕುಸಿದಳು. ನೀಲಿ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಅದನ್ನ ತೋರಿಸೇ ಬೀಗ ಉಳಿಸೋದಿತ್ತು. ನಮ್ಮ ಮುನ್ನಿ ಕುಡದ ನೀರು ಅದು. ನಾನ ಚೆಲ್ಲಿದ್ನಿ."

ಅವಳು ಅಳಲಿಲ್ಲ. ಓಬಳೇಶನೇ ಮುಂದೆ ಬಂದು, "ಅಮ್ಮಾ, ನಾನು ಮಲಗದಿದ್ರ ಇದ್ಯಾವುದೂ ಆಗ್ತಿರಲಿಲ್ಲ. ಮಲಗಿದ್ದು ನಿಮ್ಮ ರೊಟ್ಟಿ ತಿಂದು. ನಿಮ್ಮ ಪಾಲು ಬರೀ ರೊಟ್ಟಿದು," ಎಂದ. ತನ್ನ ನೌಕರಿಯೇ ತೂಗಾಡುತ್ತಿದ್ದ ಮನುಷ್ಯ ಆಡಿದ ಮಾತದು. ದುರ್ಗಾದೇವಿಗೆ ಅವನ ಮೇಲೆ ಉಳಿದಿದ್ದ ಅನುಮಾನ ಅಲ್ಲೇ ಕರಗಿತು.

"ಒಂದಿಷ್ಟು ನೀರು ಕೊಡ್ರಿ ಅಕ್ಕಾ," ಎಂದರು. ಅವಳ ಕೈಗೆ ಏನಾದರೂ ಕೆಲಸ ಸಿಗಲಿ ಎಂದು.

ಇಮಾಂಬೀ ಗಡಿಗೆಯಿಂದ ಸ್ಟೀಲ್ ಲೋಟದ ತುಂಬ ತಂದಳು. ದುರ್ಗಾದೇವಿ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕನ್ನು ಬಾಯಲ್ಲೇ ಹಿಡಿದು ನಿಂತರು.

ಸಪ್ಪೆ. ಏನೂ ರುಚಿಯಿಲ್ಲ. ಈ ಕಡೆಯ ಒಳ್ಳೆಯ ಬಾವಿಯ ನೀರಿಗೂ ಕಲ್ಲಿನ ಒಂದು ಒಗರು ಇದ್ದೇ ಇರುತ್ತದೆ.

"ಈ ನೀರು ಎಲ್ಲಿಂದು?"

"ಫಿಲ್ಟರ್ ನೀರು. ಮೂಲಿಮ್ಯಾಲ ಕಾಯಿನ್ ಹಾಕಿದ್ರ ಬರ್ತೈತಲ್ಲ, ಅದು. ಬಾವಿ ಕೆಟ್ಟಾಗಿಂದ ಕುಡಿಯಾಕ ಅದನ ತರ್ತೀವಿ."

"ಆವತ್ತು ಬಾಟ್ಲಿಗೆ ತುಂಬಿದ್ದೂ ಇದನ?"

"ಇದನ. ಇದ ಗಡಿಗಿಂದು. ಬ್ಯಾರೆ ಎಲ್ಲೈತಿ ನಮ್ಮ ಮನ್ಯಾಗ?"

ದುರ್ಗಾದೇವಿ ಚೀಲಕ್ಕೆ ಕೈ ಹಾಕಿದರು. ಪೆನ್ನಿನಷ್ಟು ಉದ್ದದ ಮೀಟರು ಹೊರಬಂತು. ನೀರಿನಲ್ಲಿ ಎಷ್ಟು ಉಪ್ಪು, ಎಷ್ಟು ಸುಣ್ಣ ಕರಗಿದೆ ಎಂದು ತೋರಿಸುವ ಸಾಧನ. ಅದರ ತುದಿಯನ್ನು ಲೋಟದಲ್ಲಿ ಅದ್ದಿದರು. ಅಂಕಿಗಳು ಏರಿಳಿದು ನಿಂತವು.

ನಲವತ್ತೆರಡು.

"ಓಬಳೇಶ, ಇಲ್ಲಿ ಬಾ. ನೋಡು."

"ನಲವತ್ತೆರಡು ಅಂದ್ರ ಕೆಟ್ಟ ನೀರೇನ್ರಿ?"

"ಚಲೋ ನೀರು. ಫಿಲ್ಟರಿನೊಳಗ ಎಲ್ಲಾ ಸೋಸಿ ಹೋಗಿರ್ತೈತಿ, ಹಂಗಾಗಿ ಇಷ್ಟು ಕಮ್ಮಿ. ನಮ್ಮ ವರದಿಯೊಳಗ ಎಷ್ಟು ಬರದಿತ್ತು ಗೊತ್ತೇನು? ಎಂಟುನೂರರ ಮ್ಯಾಲ."

ಓಬಳೇಶ ಹುಬ್ಬು ಗಂಟಿಕ್ಕಿದ. "ಅಮ್ಮ ಫಿಲ್ಟರ್ ನೀರು ತುಂಬಿದ್ರ ಅಷ್ಟು ಹೆಂಗ ಬರ್ತೈತ್ರಿ?"

"ಬರಂಗಿಲ್ಲ. ಎಂಟುನೂರು ಅನ್ನೋದು ಈ ಭಾಗದ ಒಂದು ಒಳ್ಳೆ ಬಾವಿಗೆ ಬರೋ ಲೆಕ್ಕ. ಇಲ್ಲಿ ಬಾವಿ ಕೆಡದ ಇದ್ದಿದ್ರ ಎಷ್ಟು ಬರಬೇಕಿತ್ತೋ, ಅಷ್ಟು. ಯಾರಿಗೂ ಅನುಮಾನ ಬರಬಾರದು ಅಂತ ಕೂತು ಯೋಚಿಸಿ ಬರದಾರ." ದುರ್ಗಾದೇವಿ ಮೀಟರನ್ನು ಲೋಟದಿಂದ ತೆಗೆದರು. "ಬಾಟ್ಲಿಯೊಳಗ ಏನೈತಿ ಅಂತ ಅವರು ನೋಡೇ ಇಲ್ಲ."

ಒಳಗೆ ವಿಷವಿದ್ದರೂ, ಹಾಲಿದ್ದರೂ ಅದೇ ವರದಿ ಬರುತ್ತಿತ್ತು. ಇಮಾಂಬೀ ನೀರು ಬದಲಿಸದೇ ಹೋಗಿದ್ದರೆ ಆ ಸುಳ್ಳು ಎಂದೂ ಹೀಗೆ ಸಿಕ್ಕಿಬೀಳುತ್ತಿರಲಿಲ್ಲ.

ಮನಸ್ಸು ಇಷ್ಟು ದಿನ ದೂರ ತಳ್ಳಿದ್ದ ಹೆಸರು ಈಗ ತಾನಾಗಿಯೇ ಬಂದು ಮುಂದೆ ನಿಂತಿತು. ವರದಿಯ ಕೆಳಗಿನ ಸಹಿ ಸಮ್ರಾಟನದು.

ಆಮೇಲೆ ದುರ್ಗಾದೇವಿಗೆ ಏನೋ ಹೊಳೆಯಿತು.

"ತೆರೆದೇ ಇಲ್ಲ ಅಂದ್ರ ನಾನು ಹಾಕಿದ ಮುದ್ರೆ ಒಡದಿಲ್ಲ. ತೀರ್ಪು ಬರೋತನಕ ಬಾಟ್ಲಿ ಫ್ರಿಜ್ಜಿನೊಳಗ ಇರಬೇಕು. ಅದು ನಾನ ಮಾಡಿದ ಕಟ್ಟಳೆ. ಮುದ್ರೆ ಇದ್ದ ಬಾಟ್ಲಿನ ನಾಳೆ ಎಲ್ಲರ ಮುಂದ ತೆಗೆಸಿದ್ರ ಸಾಕು. ಪರೀಕ್ಷೆ ಮಾಡದೇ ವರದಿ ಬರದದ್ದು ಅಲ್ಲೇ ಗೊತ್ತಾಗ್ತೈತಿ. ಬೀಗ ಉಳೀತೈತಿ."

ಇಮಾಂಬೀ ತಲೆಯೆತ್ತಿದಳು. "ನಾನು ತುಂಬಿದ ನೀರು ಇನ್ನೂ ಐತೇನು?"

"ಇದ್ರ ನಮ್ಮ ಪುಣ್ಯ ಅಕ್ಕಾ."

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಅನಿತಾಳಿಗೆ ಫೋನು ಹಚ್ಚಿದರು. ಓಬಳೇಶನಿಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಅನಿತಾ, ಸುತ್ತ ಯಾರರ ಅದಾರೇನು?"

"ಯಾರೂ ಇಲ್ರಿ ಮೇಡಂ. ಸಾಹೇಬ್ರು ಚಾ ಕುಡಿಯಾಕ ಹೋಗ್ಯಾರ."

"ಫ್ರಿಜ್ ತೆಗಿ. ಕೆಳಗಿನ ಕಪಾಟಿನೊಳಗ ಕುರುಗೋಡು ಅಂತ ಬರದ ಬಿಳಿ ಬಾಟ್ಲಿ ಐತೇನು ನೋಡವ್ವ."

ಬಾಗಿಲು ತೆಗೆದ ಸದ್ದು. ಬಾಟಲಿಗಳು ಒಂದಕ್ಕೊಂದು ತಾಗಿದ ಸದ್ದು. ಇಮಾಂಬೀ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ಐತ್ರಿ. ಹಿಂದಕ್ಕ ಸರಿಸಿಟ್ಟಾರ."

"ಮುಚ್ಚಳದ ಮ್ಯಾಲ ಪಟ್ಟಿ?"

"ಸುತ್ತಿದ್ದು ಸುತ್ತಿದಂಗ ಐತ್ರಿ. ನಿಮ್ಮ ಸಹಿನೂ ಐತಿ. ಎಲ್ಲೂ ಹರದಿಲ್ಲ." ಅನಿತಾ ಬೆರಗಿನಿಂದ, "ಇದನ್ನ ತೆಗದೇ ಇಲ್ಲಲ್ರಿ ಮೇಡಂ," ಎಂದಳು.

ಓಬಳೇಶ ಎರಡೂ ಕೈ ಜೋಡಿಸಿ ಸೂರಿನ ಕಡೆ ನೋಡಿದ.

"ಕೇಳಿಲ್ಲಿ ಅನಿತಾ. ಆ ಬಾಟ್ಲಿನ ನಿನ್ನ ಊಟದ ಚೀಲದಾಗ ಇಟ್ಕೊ. ಸೀದಾ ಹೊರಗ ಬಂದು..."

"ಮೇಡಂ," ಎಂದಳು ಅನಿತಾ. ಅವಳ ದನಿ ಇದ್ದಕ್ಕಿದ್ದಂತೆ ಸಣ್ಣದಾಗಿತ್ತು. ಆಮೇಲೆ ಅದು ಫೋನಿನಿಂದ ದೂರ ಸರಿಯಿತು. "ಏನಿಲ್ರಿ ಸಾರ್. ಮೇಡಮ್ಮರು ಫೋನ್ ಮಾಡಿದ್ರು. ಬ್ಯಾಡ್ರಿ ಸಾರ್, ಇದನ್ನ ನಾನ ಇಡ್ತೀನಿ. ಸಾರ್..."

ಫೋನು ಕೈ ಬದಲಾಯಿಸಿದ ಸದ್ದು. ಒಂದು ಬಾಗಿಲು ಮುಚ್ಚಿಕೊಂಡಿತು.

ಆ ಕಡೆಯಿಂದ ಬಂದ ದನಿ ಎಂದಿನ ಹಾಗೆಯೇ ಮೆತ್ತಗಿತ್ತು, ಆದರದ ದನಿ.

"ಊಟ ಆಯ್ತೇನ್ರಿ ಮೇಡಂ?"

ಆ ಮಾತಿನ ಹಿಂದೆ ಇನ್ನೊಂದು ಸದ್ದು ಇತ್ತು. ಗಳಗಳ, ಗಳಗಳ, ಬಾಟಲಿಯ ಸಣ್ಣ ಕಂಠದಿಂದ ಕಲ್ಲಿನ ಮೇಲೆ ಬೀಳುವ ಸದ್ದು.

ಇಮಾಂಬೀ ಕಿಟಕಿಯ ಹತ್ತಿರ ಬಂದು ಫೋನಿಗೆ ಕಿವಿ ಕೊಟ್ಟಳು.

"ಯಾರೋ ನೀರು ಚೆಲ್ಲಾಕ ಹತ್ಯಾರ, ಮೇಡಮ್ಮ."